ತಟ್ಟೆಯ ಅಂಚು

ಅರ್ಧಚಂದ್ರದ ಹಾಗಿರುವ ಹಸಿರು ಹೋಳುಗಳನ್ನು
ಕಡ್ಡಿಯ ತುದಿಯಿಂದ ಒಂದೊಂದೇ ಹೆಕ್ಕಿ
ತಟ್ಟೆಯಂಚಿಗೆ ಸಾಲಾಗಿ ಕೂರಿಸುತ್ತಾನೆ ಶೋಗೊ.
ಹನ್ನೊಂದು. ನಿನ್ನೆ ಒಂಬತ್ತಿದ್ದವು.
ಮೊಟ್ಟೆ ಹೋಯಿತು, ತೋಫು ಹೋಯಿತು,
ಹಂದಿಮಾಂಸದ ಚೂರು ಎಲ್ಲಕ್ಕಿಂತ ಮೊದಲೇ ಹೋಗಿತ್ತು.
ಉಳಿದದ್ದು ಹಾಗಲ,
ಮತ್ತು ನಾನು.

ಏನೇನು ಮಾಡಲಿಲ್ಲ ಹೇಳಿ.
ತಿರುಳು ಕೆರೆದೆ, ಉಪ್ಪು ತಿಕ್ಕಿದೆ, ಹಿಂಡಿದೆ,
ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ ಹೆಚ್ಚಿದೆ.
ದೋಣಿ ಮಾಡಿ ಬಾಯಿಯ ಬಂದರಿಗೆ ತಂದೆ.
ದಿನವಿಡೀ ಹಡಗುಕಟ್ಟೆಯಲ್ಲಿ ಹಗ್ಗ ಬಿಗಿಯುವವನಿಗೆ
ಅಷ್ಟೂ ಬಾರದೇ?
ಬಂದರು ಮುಚ್ಚಿತ್ತು. ಬಿರುಗಾಳಿಯ ಕೆಂಪು ಬಾವುಟ.
"ಒಂದು ತಿಂದರೆ ಒಂದು ಐಸ್‌ಕ್ರೀಮ್" ಅಂದೆ.
"ತಿನ್ನದಿದ್ದರೆ ಎಷ್ಟು?" ಅಂದ.
ಐದು ವರ್ಷ. ವ್ಯಾಪಾರ ಯಾರ ಹತ್ತಿರ ಕಲಿತನೋ.

ಒಮ್ಮೆ ಗದರಿದೆ ಕೂಡ. ಬರೆಯಲು ನಾಚಿಕೆ.
ಒಂದು ಹೋಳು ಒಳಗೆ ಹೋಯಿತು,
ಕಣ್ಣೀರಿನ ಜತೆ ಹೊರಗೂ ಬಂತು.
ಆ ರಾತ್ರಿ ಅವನಮ್ಮ ನಾಹಾದ ಆಸ್ಪತ್ರೆಯಿಂದ,
ಪಾಳಿಯ ನಡುವೆ, "ತರಕಾರಿ ತಿಂದನಾ?" ಎಂದು ಕೇಳಿದಾಗ
ಇಬ್ಬರೂ "ಹೂಂ" ಎಂದೆವು,
ಹಾಗಲಕ್ಕೆ ಬೇವು ಸಾಕ್ಷಿ.

ಭಾನುವಾರ ನಬೆಯಜ್ಜಿ ಬಂದಳು.
ನನಗೆ ಅಜ್ಜಿ, ಅವನಿಗೆ ಮುತ್ತಜ್ಜಿ.
ನಬೆ ಎಂದರೆ ಮಡಕೆ; ಆಗೆಲ್ಲ ನಮ್ಮ ದ್ವೀಪದಲ್ಲಿ
ಹೆಣ್ಣುಮಕ್ಕಳಿಗೆ ಇಂಥವೂ ಹೆಸರು.
ನಾನು ಕಾದೆ: ಈಗ ತೆಗೆಯುತ್ತಾಳೆ ಯುದ್ಧದ ಕತೆ,
ಗೆಣಸಿನ ಬಳ್ಳಿ ಬೇಯಿಸಿ ತಿಂದ ಕತೆ,
ನಿಮಗೆಲ್ಲ ಹಸಿವು ಅಂದರೇನು ಗೊತ್ತು, ಅನ್ನುತ್ತಾಳೆ.
ಅನ್ನಲಿಲ್ಲ.
ಕಡ್ಡಿ ಚಾಚಿ ಅವನ ಹನ್ನೊಂದನ್ನೂ
ತನ್ನ ಬಟ್ಟಲಿಗೆ ಎಳೆದುಕೊಂಡು
ಇರುವ ನಾಲ್ಕು ಹಲ್ಲಿನಲ್ಲಿ ನಿಧಾನ ಅಗಿದಳು.
"ನನಗೂ ಸೇರುತ್ತಿರಲಿಲ್ಲ," ಅಂದಳು ನುಂಗಿ.
"ನಿನ್ನಪ್ಪ ಚಾಪೆಯಡಿ ಬಚ್ಚಿಡುತ್ತಿದ್ದ.
ಇರುವೆಗೂ ಬೇಡವಾಗಿ ಅಲ್ಲೇ ಒಣಗುತ್ತಿತ್ತು."
ಶೋಗೊ ನನ್ನತ್ತ ನೋಡಿದ.
ಅಷ್ಟು ಗೌರವದಿಂದ ಅವನು ನನ್ನನ್ನು ಎಂದೂ ನೋಡಿರಲಿಲ್ಲ.

ಕಿಟಕಿಯ ಬಲೆಗೆ, ಬಿಸಿಲು ತಡೆಯಲೆಂದು
ಹಬ್ಬಿಸಿದ ಬಳ್ಳಿಯಲ್ಲಿ
ನಮ್ಮ ಕಣ್ಣು ತಪ್ಪಿಸಿಕೊಂಡ ಒಂದು ಕಾಯಿ ಇತ್ತು.
ಯಾರೂ ಕೊಯ್ಯದೆ, ಯಾರೂ ಒತ್ತಾಯಿಸದೆ
ತನ್ನಷ್ಟಕ್ಕೆ ಹಳದಿಯಾಗಿ, ಕಿತ್ತಳೆಯಾಗಿ
ಅಂದು ಮಧ್ಯಾಹ್ನ ಮೂರು ಸೀಳಾಗಿ ಬಿರಿದಿತ್ತು.
ಒಳಗೆ ಬೀಜಗಳು, ಕೆಂಪು ಕೆಂಪು ಅಂಗಿ ತೊಟ್ಟು.
ಅಜ್ಜಿ ಒಂದನ್ನು ಬಾಯಿಗಿಟ್ಟು ಚೀಪಿದಳು.
ಅವನೂ ಚೀಪಿದ.
"ಸಿಹಿ!"
ಮೋಸಹೋದವನ ಹಾಗೆ ಬೀಜ ಹೊರತೆಗೆದು ನೋಡಿದ.
"ಇದೂ ಅದೇನಾ?"
"ಅದೇ. ಸ್ವಲ್ಪ ತಡ, ಅಷ್ಟೆ."

ಹಾಗಂತ ಕತೆ ಮುಗಿಯಲಿಲ್ಲ.
ಸೋಮವಾರ ಮತ್ತೆ ಹನ್ನೊಂದು ಸಾಲು ನಿಂತವು.
ಮಂಗಳವಾರ ಹದಿಮೂರು; ನಾನೇ ಜಾಸ್ತಿ ಹಾಕಿದ್ದೆ, ದುರಾಸೆ.
ಬುಧವಾರ ಬಾಯಿ ಬಿಡಲಿಲ್ಲ.
ದೋಣಿಯಿಲ್ಲ, ಲಂಚವಿಲ್ಲ.
ನನ್ನ ಪಾಲನ್ನು ನಾನು ತಿಂದೆ, ಕಹಿಗೆ ಮುಖ ಕಿವುಚಿ.
ಇಷ್ಟು ದಿನ ಅವನೆದುರು ಕಿವುಚದೆ ತಿಂದದ್ದೇ ಸುಳ್ಳು.
ಗೋಡೆಯ ಹಲ್ಲಿ ಲೊಚಗುಟ್ಟಿತು.

ಸಾಲಿನ ಕೊನೆಯಲ್ಲಿ ಎಲ್ಲಕ್ಕಿಂತ ಸಣ್ಣದೊಂದು,
ಕಿರುಬೆರಳ ಉಗುರಿನಷ್ಟು,
ಕಡ್ಡಿಗೆ ಸಿಕ್ಕಿ, ಜಾರಿ, ಮತ್ತೆ ಸಿಕ್ಕಿತು.
"ಅಪ್ಪಾ, ಆ ಕಡೆ ನೋಡು."
ನೋಡಿದೆ. ಹಲ್ಲಿಯನ್ನು,
ಅದರ ಬಾಲವನ್ನು, ಬಾಲದ ತುದಿಯನ್ನು,
ಒಂದು ಹಲ್ಲಿಯನ್ನು ಎಷ್ಟು ಹೊತ್ತು ನೋಡಬಹುದೋ ಅಷ್ಟು ಹೊತ್ತು.
ನೀರಿನ ಲೋಟ ಎತ್ತಿದ ಸದ್ದು.
ಇಟ್ಟ ಸದ್ದು.

ತಿರುಗಿದಾಗ ಅಂಚಿನಲ್ಲಿ ಹತ್ತು.
"ಕಹಿ," ಅಂದ, ತುಟಿ ಒರೆಸಿಕೊಂಡು.
"ಯಾರಿಗೂ ಹೇಳಬೇಡ."